ಎಂಟು ಚುಕ್ಕೆಗಳು

ಬೆಳಿಗ್ಗೆ ಎದ್ದಾಗಿನಿಂದ ಸುಶ್ರುತ ಯಾರಿಗೂ ಗೊತ್ತಾಗದಂತೆ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಇವತ್ತು ಮಂಗಳವಾರ. ಅಕ್ಟೋಬರ್ ಹದಿನಾಲ್ಕು. ನಿನ್ನೆ ಊಟಕ್ಕೆ ಹುಳಿ, ಬೀನ್ಸ್ ಪಲ್ಯ. ಮಗಳು ಇಶಾಳ ಟೀಚರ್ ಹೆಸರು... ಅಲ್ಲಿಗೆ ಬಂದಾಗ ಹಲ್ಲುಜ್ಜುತ್ತಿದ್ದ ಬ್ರಷ್ಷು ಬಾಯಲ್ಲೇ ನಿಂತಿತು. ಕೆಂಚು ಕೂದಲು, ಸಣ್ಣ ಕನ್ನಡಕ, ಕೈಯಲ್ಲಿ ಸದಾ ಒಂದು ಕಾಫಿ ಲೋಟ, ಎಲ್ಲ ಕಣ್ಣ ಮುಂದೆ ಬಂತು, ಹೆಸರೊಂದನ್ನು ಬಿಟ್ಟು. ಹೆಸರು ಯಾರು ತಾನೇ ಮರೆಯುವುದಿಲ್ಲ ಎಂದುಕೊಂಡ. ಹೆಂಡತಿ ಪವಿತ್ರ ಕೂಡ ಮರೆಯುತ್ತಾಳೆ, ಮರೆತು ನಗುತ್ತಾಳೆ. ಮರೆತದ್ದಕ್ಕೆ ನಗುವುದು ಅವನಿಂದ ಆಗದೆ ಒಂದು ವರ್ಷವಾಗಿತ್ತು. ಕನ್ನಡಿಯಲ್ಲಿ ಕಂಡ ಮುಖ ಮೂವತ್ತನಾಲ್ಕರದ್ದು, ಹಣೆಯ ಮೇಲೆ ಹೆಲ್ಮೆಟ್ಟಿನ ಪಟ್ಟಿ ಉಜ್ಜಿ ಉಜ್ಜಿ ಕಪ್ಪಾಗಿ ಉಳಿದ ಗೆರೆ. ಆ ಗೆರೆಯ ಹಿಂದೆ ಏನು ನಡೆಯುತ್ತಿದೆಯೋ ಎಂದು ಯೋಚಿಸಿದ ಕೂಡಲೇ ಬಾಯಿ ಮುಕ್ಕಳಿಸಿ ಹೊರಗೆ ಬಂದ.

ಪವಿತ್ರ ಇವತ್ತು ಆಫೀಸಿಗೆ ರಜೆ ಹಾಕಿದ್ದಳು. ಡೆಟ್ರಾಯಿಟ್ ಬಳಿಯ ಫಾರ್ಮಿಂಗ್ಟನ್ ಹಿಲ್ಸ್‌ನ ಮನೆಯಿಂದ ಲಿವೋನಿಯಾದ ಕ್ಲಿನಿಕ್ಕಿಗೆ ಹತ್ತು ಮೈಲಿ. ಅವಳೇ ಡ್ರೈವ್ ಮಾಡುತ್ತಿದ್ದಳು. ಅವನು ಪಕ್ಕದ ಸೀಟಿನಲ್ಲಿ ಮೊಣಕಾಲು ಮುಂದಕ್ಕೆ ತಾಗಿಸಿಕೊಂಡು ಕೂತಿದ್ದ. ಅಮೆರಿಕನ್ ಫುಟ್‌ಬಾಲ್ ಆಟ ಬಿಟ್ಟ ಮೇಲೆ ಎಪ್ಪತ್ತು ಪೌಂಡ್ ಇಳಿದಿದ್ದರೂ ಕಾರುಗಳು ಅವನ ಅಳತೆಗೆ ಬಂದಿರಲಿಲ್ಲ.

‘ಭಯ ಆಗ್ತಿದ್ಯಾ?’ ಎಂದಳು.

‘ಇಲ್ಲಪ್ಪ.’

‘ಮತ್ತೆ ಏನು ಬೆರಳು ಎಣಿಸ್ತಿದೀಯ?’

ಅವನು ಹೈವೇಯ ಎಕ್ಸಿಟ್‌ಗಳನ್ನು ಎಣಿಸುತ್ತಿದ್ದ. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಪವಿತ್ರಳಿಗೆ ಗೊತ್ತಿದ್ದದ್ದು ಇಷ್ಟು: ಎರಡು ಸಲ ಸ್ಟೋವ್ ಆರಿಸುವುದು ಮರೆತಿದ್ದ, ಮೈಸೂರಿನಲ್ಲಿರುವ ಅವಳ ಅಮ್ಮನಿಗೆ ಒಂದೇ ಫೋನಿನಲ್ಲಿ ಒಂದೇ ಸುದ್ದಿಯನ್ನು ಎರಡು ಸಲ ಹೇಳಿದ್ದ, ಕಾರಣವಿಲ್ಲದೆ ರೇಗುತ್ತಿದ್ದ. ಅಷ್ಟಕ್ಕೇ ಅವಳು ಡಾಕ್ಟರರನ್ನು ಹುಡುಕಿ, ಅಪಾಯಿಂಟ್‌ಮೆಂಟ್ ತೆಗೆದುಕೊಂಡು, ಆಡಿದ ತಂಡಗಳಿಂದ ಅವನ ಹಳೆಯ ವೈದ್ಯಕೀಯ ಫೈಲುಗಳನ್ನು ತರಿಸಿದ್ದಳು. ಕಳೆದ ಗುರುವಾರದ್ದು ಗೊತ್ತಾಗಿದ್ದರೆ ಅವಳು ಏನು ಮಾಡುತ್ತಿದ್ದಳೋ. ಇಶಾಳನ್ನು ಈಜಿನ ಕ್ಲಾಸಿನಿಂದ ಕರೆದುಕೊಂಡು ಹೊರಟಾಗ ಸಂಜೆ ಐದು ಗಂಟೆ. ಮನೆಗೆ ಹೋಗಬೇಕು ಎಂಬುದು ತಲೆಯಲ್ಲಿ ಸ್ಪಷ್ಟವಾಗಿತ್ತು. ಹೈವೇ ಹತ್ತಿದ, ಲೇನ್ ಬದಲಾಯಿಸಿದ, ದೊಡ್ಡ ಟ್ರಕ್ಕುಗಳಿಗೆ ದಾರಿ ಬಿಟ್ಟ. ಎಲ್ಲಿಯೂ ಒಂದು ತಪ್ಪಿಲ್ಲ. ಆನ್ ಆರ್ಬರ್ ಊರು ದಾಟಿದ್ದು ಕಂಡಿತ್ತು, ಅದು ಸಹಜವಾಗಿಯೇ ಕಂಡಿತ್ತು. ಹಿಂದಿನ ಸೀಟಿನಿಂದ ಇಶಾ ‘ಅಪ್ಪಾ, ಐ ನೀಡ್ ಟು ಗೋ’ ಎಂದು ಮೂರನೇ ಸಲ ಅಂದಾಗ, ‘ಇನ್ನೇನು ಬಂತು ಪುಟ್ಟಿ, ಎಲ್ಕ್ ಗ್ರೋವ್ ಬಂದೇಬಿಡ್ತು’ ಎಂದು ಹೇಳುತ್ತಿದ್ದ ತನ್ನ ದನಿಯನ್ನು ತಾನೇ ಕೇಳಿದ. ಜಾಕ್ಸನ್ ಊರಿನ ಬೋರ್ಡು ಕಾಣುತ್ತಿತ್ತು. ಮನೆಯಿಂದ ಅರವತ್ತು ಮೈಲಿ ಪಶ್ಚಿಮಕ್ಕೆ ಬಂದಿದ್ದ. ಅವನು ಹೊರಟಿದ್ದು ಶಿಕಾಗೋ ಬಳಿ ಎಲ್ಕ್ ಗ್ರೋವ್ ವಿಲೇಜಿನಲ್ಲಿ ಮೂರು ವರ್ಷದ ಹಿಂದೆ ಖಾಲಿ ಮಾಡಿದ್ದ ಬಾಡಿಗೆ ಮನೆಗೆ.

ಪೆಟ್ರೋಲ್ ಬಂಕಿನ ಹತ್ತಿರ ಕಾರು ನಿಲ್ಲಿಸಿ, ಅವಳನ್ನು ಬಾತ್‌ರೂಮಿಗೆ ಕಳಿಸಿ, ಬಾಗಿಲ ಹೊರಗೆ ನಿಂತು ಫೋನಿನಲ್ಲಿ ಮನೆಯ ದಾರಿ ಹುಡುಕಿದ. ನಂತರ ಮಾಡಿದ್ದು ಅದಕ್ಕಿಂತ ನಾಚಿಕೆಗೇಡಿನ ಕೆಲಸ. ಐಸ್‌ಕ್ರೀಮ್ ಕೊಡಿಸಿ, ಆರು ವರ್ಷದ ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಅಮ್ಮಂಗೆ ಹೇಳಬೇಡ, ಆಯ್ತಾ? ಇದು ನಮ್ಮಿಬ್ಬರ ಸೀಕ್ರೆಟ್’ ಎಂದಿದ್ದ. ಇಶಾ ಕೋನಿನ ಸುತ್ತ ನಾಲಿಗೆ ಆಡಿಸುತ್ತಾ ಅವನ ಮುಖವನ್ನೇ ನೋಡಿದ್ದಳು. ‘ಓಕೆ’ ಎಂದಿದ್ದಳು. ಅವಳು ಇವತ್ತಿನವರೆಗೂ ಬಾಯಿ ಬಿಟ್ಟಿರಲಿಲ್ಲ. ಮಗು ಬಾಯಿ ಬಿಡದೇ ಇದ್ದದ್ದು ಅವನಿಗೆ ದಿನದಿನಕ್ಕೆ ಹೆಚ್ಚು ಭಯ ಹುಟ್ಟಿಸುತ್ತಿತ್ತು.

ಡಾಕ್ಟರ್ ಲೀನಾ ಅವನ ಹೆಸರನ್ನು ಸರಿಯಾಗಿ ಉಚ್ಚರಿಸಿದರು. ತಂದೆ ಮಂಗಳೂರಿನ ಕಡೆಯವರಂತೆ. ಅವರು ಇಲ್ಲೇ ಹುಟ್ಟಿ ಬೆಳೆದವರು, ಇಂಗ್ಲಿಷಿನಲ್ಲಿ ಮಾತಾಡಿದರು. ಇವತ್ತು ಮೂರು ಗಂಟೆ ಹಿಡಿಯುತ್ತದೆ, ಗಾಬರಿ ಬೇಡ, ಇದರಲ್ಲಿ ಪಾಸು ಫೇಲು ಇಲ್ಲ ಎಂದರು. ನಂಬಲಿಲ್ಲ. ಪಾಸು ಫೇಲು ಇಲ್ಲದ ಕೋಣೆಯೊಳಗೆ ಅವನು ಎಂದೂ ಕಾಲಿಟ್ಟಿರಲಿಲ್ಲ. ಹದಿನೈದು ಪದಗಳನ್ನು ಓದುತ್ತೇನೆ, ನೆನಪಿದ್ದಷ್ಟು ಹೇಳಿ ಎಂದರು. ಡ್ರಮ್, ಪರದೆ, ಗಂಟೆ, ಕಾಫಿ... ಕಾಫಿ ಎಂದಾಗ ಆ ಟೀಚರಿನ ಕೈಯ ಲೋಟ ಬಂದು ಅಡ್ಡ ನಿಂತಿತು, ಮುಂದಿನ ಮೂರು ಪದ ಕಿವಿಯ ಪಕ್ಕದಲ್ಲೇ ಹಾದುಹೋದವು. ಬೆವರಿದ. ಐದು ಹೇಳಿದ, ಆರು ಹೇಳಿದ, ಏಳನೆಯದು ಬರಲಿಲ್ಲ. ಡಾಕ್ಟರ್ ಮುಖದಲ್ಲಿ ಏನೂ ಕಾಣಲಿಲ್ಲ. ಅವರ ಪೆನ್ನು ಮಾತ್ರ ಸಣ್ಣಗೆ ಏನೋ ಬರೆದುಕೊಂಡಿತು.

ಒಂದು ಕಾಲಕ್ಕೆ ಈ ಹದಿನೈದು ಪದ ಅವನಿಗೆ ಒಂದು ಉಸಿರಿನ ಕೆಲಸ. ಅಪ್ಪ ಶೇಷಾದ್ರಿ ಕಾರು ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದವರು, ಊರಿನ ಎಲ್ಲ ಇಂಜಿನಿಯರುಗಳಂತೆ ಮಗನ ತಲೆಯ ಬಗ್ಗೆ ಅವರಿಗೆ ಬಲವಾದ ನಂಬಿಕೆ. ‘ನಮ್ಮ ಸುಶ್ರುತಂಗೆ ಒಂದು ಸಲ ಹೇಳಿದ್ರೆ ಸಾಕು’ ಎಂದು ಕನ್ನಡ ಕೂಟದ ಊಟದ ಸಾಲಿನಲ್ಲಿ ನಿಂತವರಿಗೆಲ್ಲ ಹೇಳುತ್ತಿದ್ದರು. ಅಂಕಲ್‌ಗಳು ಅವನ ತೋಳು ಹಿಚುಕಿ ನೋಡಿ, ‘ಎಷ್ಟು ಇಡ್ಲಿ ತಿಂತೀಯೋ ರಾಜ?’ ಎಂದು ಕೇಳಿ ನಗುತ್ತಿದ್ದರು, ಹಟ್ಟಿಯಲ್ಲಿ ಹೋರಿಯನ್ನು ನೋಡುವ ಹಾಗೆ. ಅವನೂ ನಕ್ಕು, ತಟ್ಟೆಗೆ ಇನ್ನೆರಡು ಹಾಕಿಸಿಕೊಳ್ಳುತ್ತಿದ್ದ. ಅಮ್ಮ ಅನುಸೂಯಮ್ಮ ರಾತ್ರಿ ದೃಷ್ಟಿ ತೆಗೆಯುತ್ತಿದ್ದಳು. ಲೀಗಿನಲ್ಲಿ ಎಂಟು ವರ್ಷ ಅವನನ್ನು ಉಳಿಸಿದ್ದು ತೋಳಲ್ಲ, ಅಪ್ಪ ಹೇಳಿದ ಆ ತಲೆ. ಅವನಿಗಿಂತ ದಪ್ಪಗಿದ್ದವರು, ಗಟ್ಟಿಯಾಗಿದ್ದವರು ಬೇಕಾದಷ್ಟಿದ್ದರು. ಆದರೆ ತಂಡದ ದಪ್ಪ ಪುಸ್ತಕದಲ್ಲಿರುವ ನೂರಾರು ತಂತ್ರಗಳನ್ನು ಎರಡೇ ದಿನದಲ್ಲಿ ಬಾಯಿಪಾಠ ಮಾಡಿ, ಎದುರು ನಿಂತವರ ಕಾಲಿನ ಭಂಗಿ ನೋಡಿಯೇ ಯಾರು ಯಾವ ಕಡೆಯಿಂದ ನುಗ್ಗುತ್ತಾರೆಂದು ಪಕ್ಕದವನಿಗೆ ಕೂಗಿ ಹೇಳಬಲ್ಲವನು ಅವನೊಬ್ಬನೇ. ಎರಡು ವರ್ಷ ಡೆಟ್ರಾಯಿಟ್‌ನಲ್ಲಿ ಬರೀ ಅಭ್ಯಾಸದ ಹುಡುಗ, ಆರು ವರ್ಷ ಶಿಕಾಗೋದಲ್ಲಿ ಎಡಗಡೆಯ ಗಾರ್ಡ್. ಅವನ ಆಟವೆಂದರೆ ಚೆಂಡು ಮುಟ್ಟದಿರುವ ಆಟ. ಬೆನ್ನ ಹಿಂದೆ ಚೆಂಡು ಹಿಡಿದು ನಿಂತ ಒಬ್ಬನಿದ್ದಾನೆ; ಅವನ ಮೈಮೇಲೆ ಯಾರೂ ಬೀಳದಂತೆ ಮೂರು ಸೆಕೆಂಡು ಅಡ್ಡ ನಿಲ್ಲಬೇಕು. ತಿರುಗಿ ನೋಡುವಂತಿಲ್ಲ. ಹಿಂದಿರುವವನು ಸುರಕ್ಷಿತವಾಗಿದ್ದಾನೋ ಇಲ್ಲವೋ ಎನ್ನುವುದು ಜನರ ಕೂಗಿನಿಂದಲೇ ಗೊತ್ತಾಗಬೇಕು. ಎಂಟು ವರ್ಷವೂ ಅವನು ಹೆದರಿಕೊಂಡೇ ನಿಂತಿದ್ದ. ಎದುರಿನವನಿಗೆ ಹೆದರಿ ಅಲ್ಲ, ಹಿಂದಿನವನು ಬಿದ್ದ ಸದ್ದು ಕೇಳಿಸೀತೆಂದು.

ಸರಿಯಾಗಿ ಆಡಿದ ದಿನ ಅವನ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ತಪ್ಪು ಮಾಡಿದಾಗ ಮಾತ್ರ ರೆಫರಿ ಹಳದಿ ಬಟ್ಟೆ ಎಸೆದು, ಮೈಕಿನಲ್ಲಿ ಅವನ ಅಂಗಿಯ ನಂಬರನ್ನು ಇಡೀ ಸ್ಟೇಡಿಯಂಗೆ ಹೇಳುತ್ತಿದ್ದ. ಅಪ್ಪ ಅಮ್ಮ ಮೊದಲ ಸಲ ಶಿಕಾಗೋಗೆ ಬಂದು ಕೂತ ದಿನ ಅವನು ಎದುರಾಳಿಯ ಅಂಗಿ ಹಿಡಿದೆಳೆದು ಸಿಕ್ಕಿಬಿದ್ದ. ಅರವತ್ತೇಳನೇ ನಂಬರ್ ಎಂದು ಮೈಕಿನಲ್ಲಿ ಕೇಳಿದ್ದೇ ಅಪ್ಪ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಿದರು. ಸುತ್ತ ಕೂತವರು ಬೈಯುತ್ತಿದ್ದ ಸಾಲಿನಲ್ಲಿ ಉಲ್ಲನ್ ಟೋಪಿ ಹಾಕಿದ ಒಬ್ಬ ಸಣಕಲು ಮುದುಕ ಒಂಟಿಯಾಗಿ ಚಪ್ಪಾಳೆ ತಟ್ಟುವುದು ದೊಡ್ಡ ಪರದೆಯ ಮೇಲೆ ಬಂತು, ಜನ ನಕ್ಕರು, ಮೈದಾನದ ಮಧ್ಯೆ ನಿಂತು ಅವನೂ ನೋಡಿದ. ‘ನಿನ್ನ ನಂಬರ್ ಅನೌನ್ಸ್ ಮಾಡಿದ್ರಲ್ಲೋ!’ ಎಂದು ಆಮೇಲೆ ಅಪ್ಪ ಕೈ ಕುಲುಕಿದಾಗ, ‘ಹೌದಪ್ಪ’ ಎಂದಿದ್ದ. ಅದು ತಪ್ಪಿಗೆ ಕೂಗಿದ ನಂಬರ್ ಎಂದು ಇವತ್ತಿಗೂ ಹೇಳಿರಲಿಲ್ಲ. ಹೇಳದೇ ಉಳಿಸಿಕೊಂಡದ್ದು ಒಂದಲ್ಲ, ಎರಡಲ್ಲ.

‘ಈಗ ನಾನು ಹೇಳುವ ಅಂಕಿಗಳನ್ನು ಕೊನೆಯಿಂದ ಮೊದಲಿಗೆ ಹೇಳಿ’ ಎಂದರು ಡಾಕ್ಟರ್. ನಾಲ್ಕು ಅಂಕಿಯವರೆಗೆ ಸರಿಹೋಯಿತು. ಐದರಲ್ಲಿ ಮಧ್ಯದ ಎರಡು ಕಲಸಿಹೋದವು. ತನ್ನ ಜೀವನದಲ್ಲಿ ಎಂದೂ ಇಷ್ಟು ಪ್ರಾಮಾಣಿಕವಾಗಿ ಒಂದು ಪರೀಕ್ಷೆಗೆ ಕೂತಿರಲಿಲ್ಲ ಎನಿಸಿತು ಅವನಿಗೆ. ಕೂಡಲೇ, ಅಲ್ಲ, ಇನ್ನೊಂದು ಸಲ ಕೂತಿದ್ದೆ ಎಂದು ನೆನಪಾಯಿತು. ಆ ನೆನಪನ್ನು ಹಿಂದಕ್ಕೆ ತಳ್ಳಿ ಮುಂದಿನ ಅಂಕಿಗೆ ಕಿವಿ ಕೊಟ್ಟ.

ಕಳ್ಳತನ ಕಲಿತದ್ದು ಕಾಲೇಜಿನ ಮೊದಲ ವರ್ಷ. ಪ್ರತಿ ಜುಲೈ ತಿಂಗಳು, ಸೀಸನ್ ಶುರುವಾಗುವ ಮುಂಚೆ, ಆಟಗಾರರನ್ನು ಒಬ್ಬೊಬ್ಬರನ್ನಾಗಿ ಕಂಪ್ಯೂಟರಿನ ಮುಂದೆ ಕೂರಿಸಿ ನೆನಪಿನ ಪರೀಕ್ಷೆ ಮಾಡುತ್ತಾರೆ. ಆ ಅಂಕಗಳೇ ಅವರವರ ಅಳತೆಗೋಲು. ಮುಂದೆ ತಲೆಗೆ ಪೆಟ್ಟು ಬಿದ್ದಾಗ ಮತ್ತೆ ಅದೇ ಪರೀಕ್ಷೆ. ಅಂಕ ಜುಲೈನದಕ್ಕಿಂತ ಕೆಳಗಿಳಿದರೆ ಆಡುವಂತಿಲ್ಲ, ಅಂಕ ಏರುವವರೆಗೂ ಹೊರಗೆ ಕೂರಬೇಕು. ಅಷ್ಟರಲ್ಲಿ ನಿನ್ನ ಜಾಗಕ್ಕೆ ಇನ್ನೊಬ್ಬ ಬಂದು ನಿಂತಿರುತ್ತಾನೆ. ಪಕ್ಕದ ಲಾಕರಿನ ಹಳಬನೊಬ್ಬ ಶೂ ಕಟ್ಟಿಕೊಳ್ಳುತ್ತಾ, ಹವಾಮಾನದ ಬಗ್ಗೆ ಮಾತಾಡುವ ದನಿಯಲ್ಲಿ ಹೇಳಿದ್ದ: ಜುಲೈನಲ್ಲಿ ಬುದ್ಧಿವಂತನಾಗಬೇಡ. ಐದಕ್ಕೆ ಒಂದು ತಪ್ಪು ಮಾಡು. ಅದಕ್ಕಿಂತ ಹೆಚ್ಚಾದರೆ ಕಂಪ್ಯೂಟರಿಗೆ ಅನುಮಾನ ಬರುತ್ತದೆ. ಸುಶ್ರುತನಿಗೆ ಒಂದು ಸಲ ಹೇಳಿದರೆ ಸಾಕಿತ್ತು. ಸರಿಯಾದ ಉತ್ತರ ಕಣ್ಣಿಗೆ ಹೊಡೆಯುತ್ತಿರುವಾಗ ಪಕ್ಕದ್ದನ್ನು ಒತ್ತುವುದರಲ್ಲಿ ಮೊದಮೊದಲು ಒಂದು ಮಜಾ ಇತ್ತು. ಆಮೇಲೆ ಅದೂ ಕೆಲಸದ ಒಂದು ಭಾಗವಾಯಿತು. ಅವನು ಪ್ರಜ್ಞೆ ತಪ್ಪಿ ಬಿದ್ದವನಲ್ಲ, ಒಮ್ಮೆಯೂ ಸ್ಟ್ರೆಚರ್ ಹತ್ತಿದವನಲ್ಲ. ಅವನದ್ದೆಲ್ಲ ಸಣ್ಣ ಪೆಟ್ಟುಗಳು, ಒಂದು ಆಟಕ್ಕೆ ಅರವತ್ತು. ಹಣೆಗೆ ಹಣೆ ತಾಗುವುದು, ಕಣ್ಣೊಳಗೆ ಒಂದು ಕ್ಷಣ ಬೆಳ್ಳಗಾಗುವುದು, ಮತ್ತೆ ಬಗ್ಗಿ ನಿಲ್ಲುವುದು. ಮೂರು ಸಲ ಅವನನ್ನು ತಲೆಗೆ ಪೆಟ್ಟಾಯಿತೇನೋ ಎಂಬ ಅನುಮಾನದಿಂದ ಪರೀಕ್ಷೆಗೆ ಕೂರಿಸಿದ್ದರು. ಮೂರು ಸಲವೂ ಜುಲೈನ ಕಳ್ಳ ಅಂಕ ಅವನನ್ನು ಕಾಪಾಡಿತು. ಕಾಪಾಡಿತು ಎಂಬ ಪದವನ್ನೇ ಆಗ ಅವನು ಬಳಸುತ್ತಿದ್ದ.

ಪರೀಕ್ಷೆ ಮುಗಿದ ಮೇಲೆ ಒಂದು ಗಂಟೆ ಹೊರಗೆ ಕಾಯಬೇಕಾಯಿತು. ಪವಿತ್ರ ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನವನ್ನು ಅವನು ಎರಡು ತುತ್ತು ತಿಂದು ಮುಚ್ಚಿಟ್ಟ. ‘ಏನೇ ಬರಲಿ, ನೋಡ್ಕೊಳ್ಳೋಣ ಬಿಡು’ ಎಂದು ಅವಳು ಅವನ ಕೈ ಹಿಡಿದುಕೊಂಡಾಗ ಅವಳ ಬೆರಳುಗಳು ತಣ್ಣಗಿದ್ದವು. ಒಳಗೆ ಕರೆದರು. ಡಾಕ್ಟರ್ ಲೀನಾ ನಗುತ್ತಿದ್ದರು. ಕಂಪ್ಯೂಟರ್ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದರು. ಒಂದು ಗೆರೆಯ ಮೇಲೆ ಎಂಟು ಕಪ್ಪು ಚುಕ್ಕೆ, ಕೊನೆಗೆ ಒಂದು ನೀಲಿ ಚುಕ್ಕೆ. ಕಪ್ಪು ಚುಕ್ಕೆಗಳು ಲೀಗಿನ ಎಂಟು ಜುಲೈಗಳು, ನೀಲಿಯದು ಇವತ್ತಿನದು, ಪರೀಕ್ಷೆಗಳು ಬೇರೆ ಬೇರೆಯಾದರೂ ಒಂದೇ ಮಾನಕ್ಕೆ ಇಳಿಸಿದ್ದೇನೆ ಎಂದರು. ಒಂಬತ್ತೂ ಒಂದೇ ಸಾಲಿನಲ್ಲಿ, ಮಗ್ಗಿ ಪುಸ್ತಕದ ಅಂಕಿಗಳ ಹಾಗೆ ನೆಟ್ಟಗೆ ಕೂತಿದ್ದವು. ‘ನಿಮ್ಮ ನೆನಪಿನ ಶಕ್ತಿ ಸಾಮಾನ್ಯರಿಗಿಂತ ಸ್ವಲ್ಪ ಕಡಿಮೆಯೇ. ಆದರೆ ಅದು ಮೊದಲಿನಿಂದಲೂ ಹಾಗೇ ಇದೆ. ಹನ್ನೊಂದು ವರ್ಷದಲ್ಲಿ ಒಂದು ಚೂರೂ ಇಳಿದಿಲ್ಲ. ನಿಮ್ಮಂಥ ಆಟಗಾರರಲ್ಲಿ ಇಷ್ಟು ಸ್ಥಿರವಾದ ಗೆರೆ ನಾನು ನೋಡಿಲ್ಲ’ ಎಂದರು. ಮರೆವು ನಿದ್ದೆ ಕಡಿಮೆಯಾದ್ದಕ್ಕೋ ಚಿಂತೆಗೋ ಇರಬಹುದು, ಡ್ರೈವ್ ಮಾಡುವುದಕ್ಕೆ ಏನೂ ಅಡ್ಡಿಯಿಲ್ಲ ಎಂದೂ ಸೇರಿಸಿದರು. ಪವಿತ್ರ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಸುಶ್ರುತ ಎಂಟನೆಯ ಚುಕ್ಕೆಯನ್ನು ನೋಡುತ್ತಿದ್ದ. ಮೊದಲ ಏಳು ಜುಲೈಗಳಲ್ಲಿ ಅವನು ಬೇಕೆಂದೇ ತಪ್ಪು ಮಾಡಿದ್ದ. ಎಂಟನೆಯ ಜುಲೈನಲ್ಲಿ ಮಾಡಿರಲಿಲ್ಲ. ಅದೊಂದನ್ನು ಮಾತ್ರ ಅವನು ಮರೆತಿರಲಿಲ್ಲ. ಮೊಣಕಾಲು ಹೋಗಿತ್ತು, ಇದೇ ಕೊನೆಯ ವರ್ಷ ಎಂದು ಪವಿತ್ರಳಿಗೆ ಹೇಳಿಯಾಗಿತ್ತು, ಇಶಾಳಿಗೆ ಮೂರು ತುಂಬಿತ್ತು, ಸುಳ್ಳು ಅಂಕ ತೆಗೆದುಕೊಂಡು ಕಾಪಾಡಿಕೊಳ್ಳಬೇಕಾದ್ದು ಏನೂ ಉಳಿದಿರಲಿಲ್ಲ. ಒಂದು ಸಲವಾದರೂ ಅಪ್ಪ ಹೇಳಿದ ತಲೆಯನ್ನು ಪೂರ್ತಿ ತೋರಿಸಿಬಿಡೋಣ ಎಂದು ಹಟದಿಂದ ಕೂತಿದ್ದ. ಪ್ರತಿ ಉತ್ತರಕ್ಕೂ ಜೀವ ಬಿಟ್ಟಿದ್ದ, ಅಂಗಿ ಬೆನ್ನಿಗೆ ಅಂಟುವಷ್ಟು ಬೆವರಿದ್ದ. ಅಂಕ ಎಷ್ಟು ಬಂತೆಂದು ಆಟಗಾರರಿಗೆ ತೋರಿಸುತ್ತಿರಲಿಲ್ಲ. ಮನೆಗೆ ಬಂದು, ವಿಮಾನಗಳು ತಲೆಯ ಮೇಲೆ ಹಾದುಹೋಗುವ ಆ ಎಲ್ಕ್ ಗ್ರೋವ್ ಬಾಲ್ಕನಿಯಲ್ಲಿ ಇಶಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಹಳ ವರ್ಷದ ಮೇಲೆ ಹಗುರಾಗಿದ್ದ. ಆ ಪ್ರಾಮಾಣಿಕ ಅಂಕ ಈಗ ಪರದೆಯ ಮೇಲೆ ಕಳ್ಳ ಅಂಕಗಳ ಪಕ್ಕದಲ್ಲಿ, ಅವುಗಳ ಎತ್ತರಕ್ಕೇ, ಕೂದಲೆಳೆಯ ವ್ಯತ್ಯಾಸವಿಲ್ಲದೆ ಕೂತಿತ್ತು. ಹಾಗಾದರೆ ಅವನ ತಲೆ ಆಗಲೇ ಬಿದ್ದಿತ್ತು. ಎಷ್ಟು ಎತ್ತರದಿಂದ ಬಿದ್ದಿತ್ತೆಂದು ಜಗತ್ತಿನಲ್ಲಿ ಯಾರೂ ಹೇಳಲಾರರು, ಏಕೆಂದರೆ ಆ ಎತ್ತರವನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಬಿದ್ದ ತಲೆಯನ್ನು ಇಟ್ಟುಕೊಂಡೇ ಇನ್ನೊಂದು ಇಡೀ ಸೀಸನ್ ಆಡಿದ್ದ, ಒಂದು ಆಟಕ್ಕೆ ಅರವತ್ತು ಪೆಟ್ಟು. ಈಗಲೇ ಹೇಳಬೇಕು, ಬಾಯಿ ತೆರೆದರೆ ಸಾಕು ಎಂದುಕೊಂಡ. ಪವಿತ್ರ ಕಣ್ಣೊರೆಸಿಕೊಂಡು ಡಾಕ್ಟರರ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಿದ್ದಳು. ಅವಳ ಆ ಮುಖವನ್ನು ನೋಡಿ ಅವನು ಹೇಡಿಯಾದ. ‘ಥ್ಯಾಂಕ್ ಯೂ ಡಾಕ್ಟರ್’ ಎಂದ.

ಪಾರ್ಕಿಂಗ್ ಲಾಟಿನಲ್ಲಿ ನಿಂತೇ ಪವಿತ್ರ ಮಾವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು.

‘ಏನೂ ಇಲ್ವಂತೆ ಮಾವ! ಹನ್ನೊಂದು ವರ್ಷದಿಂದ ಒಂದು ಚೂರೂ ಇಳಿದಿಲ್ವಂತೆ!’

‘ನಾನು ಹೇಳ್ಲಿಲ್ವೇನಮ್ಮ? ಅವನ ತಲೆ ಏನು ಅಂತ ನನಗೆ ಗೊತ್ತಿಲ್ವಾ?’ ಎಂದರು ಅಪ್ಪ. ಆಮೇಲೆ ಒಂದು ಸದ್ದು ಕೇಳಿಸಿತು. ಅಪ್ಪ ಫೋನ್ ಕೆಳಗಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ಹಿಂದಿನಿಂದ ಅಮ್ಮ, ‘ಸಂಜೆ ಎಲ್ಲರೂ ಇಲ್ಲಿಗೇ ಬನ್ನಿ, ಪಾಯಸ ಮಾಡ್ತೀನಿ’ ಎಂದು ಕೂಗಿದಳು. ಸುಶ್ರುತ ತಲೆ ತಗ್ಗಿಸಿ ನಿಂತ. ಮತ್ತೊಮ್ಮೆ ತಪ್ಪಿಗೆ ಚಪ್ಪಾಳೆ. ಪವಿತ್ರ ಕಾರಿನ ಕೀ ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿ, ‘ನೀನೇ ಓಡಿಸು. ಸ್ಕೂಲ್ ಬಿಡೋ ಹೊತ್ತಾಯ್ತು, ಇಶಾನ ಕರ್ಕೊಂಡೇ ಹೋಗೋಣ. ಇಷ್ಟು ದಿನ ನಿನ್ನ ಕೈಗೆ ಕಾರು ಕೊಡೋವಾಗೆಲ್ಲ ನನ್ನ ಜೀವ ಹೋಗಿ ಬರ್ತಿತ್ತು ಗೊತ್ತಾ?’ ಎಂದಳು. ಅವನು ಕೀ ತೆಗೆದುಕೊಂಡ.

ಸ್ಕೂಲಿನ ಮುಂದಿನ ಕಾರುಗಳ ಸಾಲಿನಲ್ಲಿ ಆ ಕೆಂಚು ಕೂದಲಿನ ಟೀಚರ್ ಕಾಫಿ ಲೋಟ ಎತ್ತಿ ಹಾಯ್ ಹೇಳಿದಳು. ಹೆಸರು ಈಗಲೂ ಬರಲಿಲ್ಲ. ಇಶಾ ಓಡಿಬಂದವಳು, ಸ್ಟೀರಿಂಗ್ ಹಿಂದೆ ಅವನು ಕೂತದ್ದನ್ನು ಕಂಡು ಓಟ ನಿಧಾನ ಮಾಡಿದಳು. ಅಮ್ಮ ಕೊಟ್ಟ ಮುತ್ತು ತೆಗೆದುಕೊಂಡು ಹಿಂದೆ ಹತ್ತಿ ಬೆಲ್ಟ್ ಹಾಕಿಕೊಂಡಳು. ಗೇಟು ದಾಟುತ್ತಿದ್ದಂತೆ ಹಿಂದಿನಿಂದ ಅವಳ ದನಿ ಬಂತು.

‘ರೈಟ್, ಅಪ್ಪ.’

ಅವನು ಬಲಕ್ಕೆ ತಿರುಗಿಸಿದ. ಎರಡು ಸಿಗ್ನಲ್ ಆದ ಮೇಲೆ, ‘ಲೆಫ್ಟ್ ನೆಕ್ಸ್ಟ್. ದ ಒನ್ ವಿತ್ ದ ಚರ್ಚ್.’ ಗುರುವಾರದ ನಂತರ ಅವನ ಜೊತೆ ಕಾರು ಹತ್ತಿದಾಗೆಲ್ಲ ಅವಳು ಹೀಗೆ ದಾರಿ ಹೇಳುತ್ತಿದ್ದಳು. ಹೊಸದಾಗಿ ಎಡ ಬಲ ಕಲಿತ ಹುರುಪು ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಈಗ ಕನ್ನಡಿಯಲ್ಲಿ ನೋಡಿದ. ಮಗು ಸೀಟಿನ ಅಂಚಿಗೆ ಬಂದು, ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣು ರೆಪ್ಪೆ ಹೊಡೆಯದೆ ರಸ್ತೆಯನ್ನು ನೋಡುತ್ತಿತ್ತು. ಆ ಕೂರುವ ಭಂಗಿ ಅವನಿಗೆ ಚೆನ್ನಾಗಿ ಗೊತ್ತು. ಮುಂದಿನಿಂದ ಏನು ಬಂದು ಅಪ್ಪಳಿಸುವುದೋ ಎಂದು ಕಾಯುವವರು ಹಾಗೆ ಕೂರುತ್ತಾರೆ.

ಪವಿತ್ರ ನಕ್ಕಳು. ‘ಏನೇ ಪುಟ್ಟಿ, ನಮ್ಮ ಮನೆ ದಾರಿ ಅಪ್ಪಂಗೆ ಗೊತ್ತಿಲ್ವಾ?’

ಕನ್ನಡಿಯಲ್ಲಿ ಇಶಾಳ ಕಣ್ಣು ಅವನ ಕಣ್ಣಿಗೆ ಸಿಕ್ಕಿತು.

‘ಹೀ ನೋಸ್’ ಎಂದಳು ಇಶಾ. ‘ಇಟ್ಸ್ ಜಸ್ಟ್ ಅ ಗೇಮ್, ಅಮ್ಮ.’

ಸುಳ್ಳನ್ನು ಅವಳು ಎಷ್ಟು ಸಲೀಸಾಗಿ ಹೇಳಿದಳೆಂದರೆ ಪವಿತ್ರ ‘ಓ, ಹೌದಾ’ ಎಂದು ಮತ್ತೆ ಫೋನ್ ನೋಡತೊಡಗಿದಳು. ಅವನ ಮಗಳು ಅವನಿಗೆ ಅಡ್ಡ ನಿಂತಿದ್ದಳು. ಆರು ವರ್ಷ, ನಲವತ್ತೈದು ಪೌಂಡ್. ಅವನು ಎಂಟು ವರ್ಷ ಮಾಡಿದ ಕೆಲಸವನ್ನು ಅವಳು ಐದು ದಿನದಿಂದ ಒಬ್ಬಳೇ ಮಾಡುತ್ತಿದ್ದಳು, ಅವನಷ್ಟೇ ಹೆದರಿಕೊಂಡು. ಚರ್ಚಿನ ತಿರುವು ಬಂತು. ಅವನು ಎಡಕ್ಕೆ ತಿರುಗಿ, ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನೊಳಗೆ ಕಾರು ತಂದು ನಿಲ್ಲಿಸಿದ. ಎಂಜಿನ್ ಆರಿಸಿದ.

‘ಯಾಕೆ? ಏನಾಯ್ತು?’ ಎಂದಳು ಪವಿತ್ರ.

ಅವನು ಇಳಿದು, ಕಾರಿನ ಮುಂದಿನಿಂದ ಸುತ್ತಿ ಬಂದು ಅವಳ ಬಾಗಿಲು ತೆಗೆದು ಕೀ ಚಾಚಿದ.

‘ನೀನು ಓಡಿಸು, ಪವಿ. ಆ ಹಳೇ ಮಾರ್ಕ್ಸ್ ಎಲ್ಲ ಸುಳ್ಳು. ನಾನೇ ಬೇಕಂತ ಕಮ್ಮಿ ಮಾಡಿದ್ದು, ಆಟದಿಂದ ಹೊರಗೆ ಕೂರಿಸಬಾರದು ಅಂತ. ಡಾಕ್ಟರಿಗೆ ಮತ್ತೆ ಫೋನ್ ಮಾಡಬೇಕು.’

ಅವಳ ಮುಖದಲ್ಲಿದ್ದ ನೆಮ್ಮದಿ ನೋಡನೋಡುತ್ತಿದ್ದಂತೆ ಹೊರಟುಹೋಯಿತು. ಅದನ್ನು ನೋಡುತ್ತಲೇ ಅವನು ಮುಂದುವರಿಸಿದ. ‘ಹೋದ ಗುರುವಾರ ಇಶಾನ ಕೂರಿಸ್ಕೊಂಡು ಎಲ್ಕ್ ಗ್ರೋವ್‌ಗೆ ಹೊರಟಿದ್ದೆ. ಅದೇ ನಮ್ಮನೆ ಅಂತ. ಜಾಕ್ಸನ್‌ವರೆಗೂ ಹೋಗಿದ್ದೆ. ಅವಳಿಗೆ ನಾನೇ ಹೇಳಬೇಡ ಅಂದಿದ್ದು. ಅವಳ್ದೇನೂ ತಪ್ಪಿಲ್ಲ.’

ಪವಿತ್ರ ಹಿಂದೆ ತಿರುಗಿ ಮಗಳನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಕೀ ಇಸಿದುಕೊಂಡು, ಇಳಿದು, ಆ ಕಡೆ ಹೋಗಿ ಕೂತು, ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಬಾಯಿ ಬಿಗಿದುಕೊಂಡೇ ಕಾರು ಹೊರಡಿಸಿದಳು. ಅವಳು ಅಳುತ್ತಿದ್ದಾಳೋ ಸಿಟ್ಟಾಗಿದ್ದಾಳೋ ಅವನಿಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ. ಇನ್ನು ಅಪ್ಪನಿಗೆ ಹೇಳಬೇಕು. ಪಾಯಸ ಒಲೆಯ ಮೇಲಿದೆ. ಅವನು ಮೊಣಕಾಲು ಮುಂದಕ್ಕೆ ತಾಗಿಸಿಕೊಂಡು ಕೂತು, ಹಿಂದಿನ ಸೀಟಿನ ಕಡೆಗೆ ಕಿವಿ ಕೊಟ್ಟ. ಮುಂದಿನ ತಿರುವು ಬಂತು. ಅದರ ಮುಂದಿನದೂ ಬಂತು. ಇಶಾ ದಾರಿ ಹೇಳಲಿಲ್ಲ. ಅವನು ತಿರುಗಿ ನೋಡಿದ. ಮಗು ಬೆಲ್ಟಿನ ಮೇಲಿನ ಹಿಡಿತ ಬಿಟ್ಟು, ಕಿಟಕಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದುಕೊಂಡು ನಿದ್ದೆ ಹೋಗಿತ್ತು.